ಕಾಯಕದ ಫಲ ಯಾರದು?

ಸೊಲ್ಲಾಪುರದ ಕೆರೆಯ ದಡದಲ್ಲಿ ನಿಂತು ಸಿದ್ಧರಾಮೇಶ್ವರನಿಗೆ ಕೈಮುಗಿಯುವ ಭಕ್ತರು, ಈ ಕೆರೆಯ ಮಣ್ಣನ್ನು ಹೊತ್ತವರು ಯಾರೆಂದು ಕೇಳಿಕೊಳ್ಳುವುದು ಅಪರೂಪ. ಹನ್ನೆರಡನೆಯ ಶತಮಾನದ ಆ ಶಿವಯೋಗಿಯ ನಾಮವು ಮನೆಮನೆಯಲ್ಲಿದೆ. ಬುಟ್ಟಿ ಹೊತ್ತವರ ಹೆಸರನ್ನು ನಾವು ಕೇಳಿದವರಲ್ಲ. ಅಲ್ಲಮಪ್ರಭುಗಳು ಇಲ್ಲಿಗೆ ಬಂದು ಸಿದ್ಧರಾಮನನ್ನು ‘ಒಡ್ಡ’ನೆಂದು ಕರೆದಾಗ ಕೆಲಸಗಾರರೇ ಸಿಟ್ಟಾಗಿ ಕಲ್ಲೆಸೆದರೆಂದು ಶೂನ್ಯಸಂಪಾದನೆಯ ಕಥೆ. ಮಣ್ಣು ಹೊರುವವನ ಹೆಸರು ಮಣ್ಣು ಹೊರುವವರಿಗೇ ಬೈಗುಳವಾಗಿ ಕೇಳಿಸಿತೆಂಬುದು ಯೋಚಿಸತಕ್ಕ ಮಾತು.

ಅದೇ ಊರಿನಲ್ಲಿ 1874ರಲ್ಲಿ ನೂಲುವ, ನೇಯುವ ಗಿರಣಿಯೊಂದು ಸ್ಥಾಪಿತವಾಯಿತು. ಭೋಂಗಾ ಕೂಗಿದೊಡನೆ ಕನ್ನಡ, ಮರಾಠಿ, ತೆಲುಗು ಮಾತಿನ ಜನರು ಒಂದೇ ಬಾಗಿಲಲ್ಲಿ ಒಳಹೊಕ್ಕರು. ಗಿರಣಿಯ ಲೆಕ್ಕದಲ್ಲಿ ಹತ್ತಿ, ಇದ್ದಲು, ಪಗಾರ ಮೂರೂ ಖರ್ಚಿನ ಬದಿಯವೇ. ಬಟ್ಟೆ ಮಾರಿದ ಮೇಲೆ ಮಿಕ್ಕಿದ್ದು ಲಾಭ. ಆ ಮಿಕ್ಕಿದ್ದು ಎಲ್ಲಿಂದ ಬಂತು? ಹತ್ತಿ ತಾನಾಗಿ ಬಟ್ಟೆಯಾಗದು. ಬಂಡವಾಳ ಹೂಡಿದವನಿಗೆ ಪಾಲೇ ಇಲ್ಲವೆನ್ನುವುದು ನ್ಯಾಯವಲ್ಲ, ನಿಜ. ಆದರೆ ಅವನು ಕೊಂಡುತಂದ ಯಂತ್ರವೂ ಹಿಂದೆ ಯಾರೋ ಸುರಿಸಿದ ಬೆವರಿನ ಫಲವೇ ಅಲ್ಲವೆ? 1934ರಲ್ಲಿ ಊರಿನ ಗಿರಣಿ ಕಾರ್ಮಿಕರು ಪಗಾರದ ಕಡಿತವನ್ನು ವಿರೋಧಿಸಿ ಮುಷ್ಕರ ಹೂಡಬೇಕಾಯಿತು.

1949ರಲ್ಲಿ ಆ ಗಿರಣಿಯು ಮುಚ್ಚಿತು. ಮರುವರ್ಷ ಸರ್ಕಾರವು ಅದರ ಆಡಳಿತವನ್ನು ಕೈಗೆ ತೆಗೆದುಕೊಂಡಾಗ ಪಾಲುದಾರರೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಅವರ ಅರ್ಜಿಯನ್ನು ಒಪ್ಪಲಿಲ್ಲ. ವಾದವು ನಡೆದದ್ದು ಪಾಲುದಾರನ ಹಕ್ಕನ್ನು ಕುರಿತು. ತಲೆಮಾರುಗಳಿಂದ ನೂಲೆಳೆದ ಮನೆತನಗಳಿಗೆ ಆ ಗಿರಣಿಯಲ್ಲಿ ಪಾಲುಂಟೇ ಎಂಬ ಪ್ರಶ್ನೆ ಅಲ್ಲಿ ಏಳಲಿಲ್ಲ. ಅವರ ಕೈಯಲ್ಲಿ ಪಾಲಿನ ಕಾಗದವಿರಲಿಲ್ಲ.

ಧನಿಕನು ದಾನ ಮಾಡುತ್ತಾನಲ್ಲ ಎನ್ನುವವರುಂಟು. ಅವರು ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಬೇಕು. ಪತಿ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಆಕೆ ಹೆಚ್ಚಿನದನ್ನು ಹಿಂದಿರುಗಿಸಿದಳು. ಅದು ಕದ್ದದ್ದಲ್ಲ, ನೆಲದಿಂದ ಆಯ್ದದ್ದು, ಜಂಗಮರಿಗೇ ಬಡಿಸತಕ್ಕದ್ದು. ಆದರೂ ಆಕೆ ಒಪ್ಪಲಿಲ್ಲ. ಹೀಗಿರಲು, ದುಡಿದವನ ಪಗಾರ ಮುರಿದು ಉಳಿಸಿದ ಹಣದಿಂದ ಶಿಖರಕ್ಕೆ ಕಳಶವಿಟ್ಟರೆ ಅದನ್ನು ದಾಸೋಹವೆನ್ನಲು ನನಗೆ ನಾಲಗೆ ಏಳದು. ಗುಡಿಯ ಶಿಲಾಫಲಕದಲ್ಲಿ ರೂಪಾಯಿಯ ಮೊತ್ತವನ್ನು ಕೆತ್ತಿಸುತ್ತೇವೆ. ಅದು ನಡೆದುಬಂದ ದಾರಿಯನ್ನು ಕೆತ್ತಿಸುವ ರೂಢಿಯಿಲ್ಲ. ಜೀರ್ಣೋದ್ಧಾರದ ಲೆಕ್ಕಪತ್ರವನ್ನು ಸಭೆಯಲ್ಲಿ ಓದುವಾಗಲಾದರೂ, ದಾನಿಗಳ ಪಟ್ಟಿಗೆ ಮುಂಚೆ, ಗೌಂಡಿಗಳಿಗೂ ಮಣ್ಣು ಹೊತ್ತ ಹೆಣ್ಣುಮಕ್ಕಳಿಗೂ ಪಗಾರ ಪೂರ್ತಿ ಸಂದಿತೇ ಎಂದು ಭಕ್ತರಲ್ಲಿ ಯಾರಾದರೊಬ್ಬರು ಎದ್ದು ಕೇಳಬಹುದು.