ಮೈಕು ಯಾರ ಕೈಯಲ್ಲಿ?

ಕಾರವಾರ, ಅಂಕೋಲೆ ಕಡೆ ಈಗ ಮದುವೆ ಅಂದ್ರೆ ಡಿಜೆ, ಗಣಪತಿ ಮುಳುಗಿಸೋದು ಅಂದ್ರೆ ಡಿಜೆ. ಡಿಜೆ ಅಂದ್ರೆ ನಮ್ಮಲ್ಲಿ ಮನುಷ್ಯ ಅಲ್ಲ, ಟೆಂಪೋ ಮೇಲೆ ಪೇರಿಸಿದ ಪೆಟ್ಟಿಗೆ. ಜಮೈಕ ದೇಶದ ಕಿಂಗ್‌ಸ್ಟನ್ ಪಟ್ಟಣದಲ್ಲಿ ಹಾಗಲ್ಲ. ಅಲ್ಲಿ ರೆಕಾರ್ಡು ತಿರುಗಿಸುವವನಿಗೆ ಸೆಲೆಕ್ಟರ್ ಅಂತ ಬೇರೆ ಹೆಸರು. ತಿರುಗುವ ರೆಕಾರ್ಡಿನ ತಾಳಕ್ಕೆ ಮೈಕು ಹಿಡಿದು ಮಾತು ಕಟ್ಟುವವನು ಡಿಜೆ. ಗುಲಾಮರಾಗಿ ಹಡಗು ಹತ್ತಿಸಿಕೊಂಡು ಬಂದ ಆಫ್ರಿಕನ್ನರ ಮೊಮ್ಮಕ್ಕಳು, ದುಡ್ಡಿದ್ದವರ ಕ್ಲಬ್ಬಿಗೆ ಕಾಲಿಡಲಾಗದವರು, 1950ರ ದಶಕದಲ್ಲಿ ಸ್ಪೀಕರುಗಳನ್ನೇ ಬೀದಿಗೆ ತಂದು ನಿಲ್ಲಿಸಿದರು. ಇನ್ನೊಬ್ಬರ ಯಂತ್ರಕ್ಕೆ ತಮ್ಮ ಬಾಯಿ ಕೊಟ್ಟರು. ಆ ಓಣಿಗಳಿಂದ ರೆಗೆ ಸಂಗೀತ ಹುಟ್ಟಿತು, ಸಮುದ್ರ ದಾಟಿ ತಿರುಗಿ ಆಫ್ರಿಕಕ್ಕೂ ಹೋಯಿತು. ಐವರಿ ಕೋಸ್ಟಿನ ಆಲ್ಫಾ ಬ್ಲಾಂಡಿ 1982ರಲ್ಲಿ ಪೊಲೀಸರ ಹೊಡೆತವನ್ನು ತನ್ನ ಜನರ ದಿಯೂಲಾ ಭಾಷೆಯಲ್ಲೇ ರೆಗೆ ಮಾಡಿ ಹಾಡಿದ.

1980ರ ಏಪ್ರಿಲ್ 17ರ ರಾತ್ರಿ ಜಿಂಬಾಬ್ವೆಗೆ ಸ್ವಾತಂತ್ರ್ಯ ಬಂತು. ಈಗಿನ ಹರಾರೆಯ ರುಫಾರೋ ಕ್ರೀಡಾಂಗಣದಲ್ಲಿ ಬಾಬ್ ಮಾರ್ಲೆಯ ಹಾಡು. ಒಳಗೆ ಆಹ್ವಾನಿತ ಗಣ್ಯರು. ಇಂಗ್ಲೆಂಡಿನ ರಾಜಕುಮಾರ ಚಾರ್ಲ್ಸ್, ನಮ್ಮ ಇಂದಿರಾ ಗಾಂಧಿ ಇಬ್ಬರೂ ಆ ಸಮಾರಂಭಕ್ಕೆ ಹೋದವರೇ. ಆ ಹಾಡು ಯಾರ ಹೋರಾಟದ ಹಾಡೋ ಆ ಜನ ಮಾತ್ರ ಗೇಟಿನ ಹೊರಗೆ. ನುಗ್ಗಿದರು. ಪೊಲೀಸರು ಅಶ್ರುವಾಯು ಹೊಡೆದರು. ಹೊಗೆ ವೇದಿಕೆಯವರೆಗೂ ಬಂದು ಹಾಡುವವರೇ ಇಳಿದು ಓಡಬೇಕಾಯಿತು. ಸ್ವಾತಂತ್ರ್ಯದ ಮೊದಲ ರಾತ್ರಿಯೇ ಬೇಲಿ!

ಇದನ್ನೆಲ್ಲ ಅಂಕೋಲೆಯಲ್ಲಿ ಕೂತು ಎಂತಕ್ಕೆ ಬರೀತಿದ್ದೇನೆ? ಆಫ್ರಿಕ ನಮಗೆ ದೂರ ಅಲ್ಲ. ಅರಬೈಲು ಘಟ್ಟ ಹತ್ತಿದರೆ ಸಾಕು. ಪೋರ್ಚುಗೀಸರು ಪೂರ್ವ ಆಫ್ರಿಕದಿಂದ ಹಿಡಿದು ತಂದು ಗೋವೆಯಲ್ಲಿ ಮಾರಿದ ಜನ, ಅಲ್ಲಿಂದ ತಪ್ಪಿಸಿಕೊಂಡು ನಮ್ಮ ಕಾಡು ಸೇರಿದರು. ಅವರ ಮಕ್ಕಳು ಮೊಮ್ಮಕ್ಕಳು ಇವತ್ತು ಅಂಕೋಲೆ, ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳಲ್ಲಿರುವ ಸಿದ್ದಿಯರು. ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮೂರೂ ಇದ್ದಾರೆ. ಗುಲಾಮಗಿರಿ ತಪ್ಪಿಸಿ ಬಂದವರ ಪಾಲಿಗೆ ಇಲ್ಲಿ ಕಾದಿದ್ದದ್ದು ಅಡಿಕೆ ತೋಟದ ಒಡೆಯರ ಜೀತ. ಪರಿಶಿಷ್ಟ ಪಂಗಡ ಅಂತ ಕಾಗದದ ಮೇಲೆ ಬರೆಸಿಕೊಳ್ಳಲಿಕ್ಕೆ 2003ರವರೆಗೆ ಕಾಯಬೇಕಾಯಿತು.

ಸಿದ್ದಿಯರ ವಾದ್ಯ ಡಮಾಮಿ. ಮರದ ಬುಡ ಕೊರೆದು ಎರಡೂ ಕಡೆ ಚರ್ಮ ಬಿಗಿದದ್ದು. ಅದರ ಸುತ್ತ ರಾತ್ರಿಯಿಡೀ ಕುಣಿತ, ಹಾಡು, ಅಣಕ, ನಗು. ದಿನವಿಡೀ ಒಡೆಯನ ಮುಂದೆ ಬಗ್ಗಿದ ಬೆನ್ನು ಅಲ್ಲಿ ನೆಟ್ಟಗಾಗ್ತಿತ್ತು. ಅದೇ ಡಮಾಮಿ ಈಗ ಉತ್ಸವದ ವೇದಿಕೆಗೆ ಬಂದಿದೆ. ಸೊಂಟಕ್ಕೆ ಸೊಪ್ಪು, ತಲೆಗೆ ನವಿಲುಗರಿ. ಗುಡ್ಡದ ಮೇಲೆ ಲುಂಗಿ, ಅಂಗಿ, ಸೀರೆ ಉಟ್ಟು ಬದುಕುವ ಜನಕ್ಕೆ ಈ ಸೊಪ್ಪು ತೊಡಿಸಿದ್ದು ನೋಡುವವರ ಕಣ್ಣು. ಹದಿನೈದು ನಿಮಿಷ ಕುಣಿಸಿ, ಶಾಲು ಹೊದೆಸಿ, ಕೆಳಗಿಳಿಸಿದರೆ ಮುಗೀತು. ಅದೇ ಹುಡುಗ ಮರುದಿನ ಪೇಟೆ ಬಸ್ಸು ಹತ್ತಿದರೆ 'ಯಾವ ದೇಶ?' ಅಂತ ಕೇಳ್ತಾರೆ. ಕಿಸೆಯಿಂದ ಆಧಾರ್ ಕಾರ್ಡು ತೆಗೆದು ತೋರಿಸಬೇಕು, ತಾನು ಕನ್ನಡದವ ಅಂತ ಕನ್ನಡದಲ್ಲೇ ಹೇಳಬೇಕು.

ಹಾಗಾದರೆ ಪ್ರಶ್ನೆ ಇದು: ಒಂದು ಜನದ ಕುಣಿತವನ್ನು ಮೆಚ್ಚಿದರೆ ಆ ಜನವನ್ನು ಗೌರವಿಸಿದ ಹಾಗಾಯಿತೇ?

ನಮ್ಮ ಊರುಗಳು ಈ ಪ್ರಶ್ನೆಗೆ ಎಂದೋ ಉತ್ತರ ಕೊಟ್ಟಿವೆ. ದೇವರ ಮುಂದೆ ಹಲಗೆ ಬೇಕು, ಹಲಗೆಯವನು ಮಾತ್ರ ಅಂಗಳ ದಾಟಬಾರದು. ಕೈ ಬೇಕು, ಆಳು ಬೇಡ. ಸರಕಾರವೂ ಬೇರೆ ರೀತಿ ಮಾಡಲಿಲ್ಲ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟಕ್ಕೆ ತಯಾರು ಮಾಡಿತು. ಆಫ್ರಿಕದ ರಕ್ತ, ಪದಕ ತರ್ತದೆ ಅನ್ನೋ ಲೆಕ್ಕ. ಕೆಲವರು ಪದಕ ತಂದರು ಕೂಡ. 1990ರ ದಶಕದ ಮೊದಲಿಗೇ ಯೋಜನೆ ನಿಂತಿತು, ಮಕ್ಕಳು ವಾಪಸ್ ಗುಡ್ಡಕ್ಕೆ. ಕಾಲು ಬೇಕಿತ್ತು, ಅಷ್ಟೇ.

ವೇದಿಕೆ ಬೇಡವೇ ಬೇಡ ಅಂತ ನಾನು ಹೇಳೋದಿಲ್ಲ. 'ಒಂದು ದಿನದ ಕೂಲಿಗಿಂತ ಹೆಚ್ಚು ಸಿಗ್ತದೆ, ಊರೂರು ನೋಡ್ತೇವೆ, ನಿಮಗೇನು ಹೊಟ್ಟೆಕಿಚ್ಚು?' ಅಂತ ಒಬ್ಬ ಸಿದ್ದಿ ಅಕ್ಕ ನನ್ನನ್ನೇ ದಬಾಯಿಸಿದ್ದಾಳೆ. ಅವಳ ಮಾತಿನಲ್ಲಿ ನ್ಯಾಯ ಇದೆ.

ನನಗೆ ಸಿಟ್ಟು ಬರೋದು ಇನ್ನೊಂದು ಜಾತಿಯ ಮೆಚ್ಚುಗೆಯವರ ಮೇಲೆ. ಹಾಲಕ್ಕಿ ಗೌಡರ ಗುಮಟೆ ಸತ್ತಿತು, ಸಿದ್ದಿಯರ ಡಮಾಮಿ ಸತ್ತಿತು, ಹುಡುಗರು ಡಿಜೆಗೆ ಹಾಳಾದರು ಅಂತ ಅತ್ತುಕೊಳ್ಳುವ ಸಂಸ್ಕೃತಿ ರಕ್ಷಕರು. ಸ್ವಾಮಿ, ನಿಮ್ಮ ಮಗಳ ಮದುವೆಗೆ ಏನು ಹಾಕಿಸಿದಿರಿ? ಬಡವ ಮಾತ್ರ ಅಜ್ಜನ ಕಾಲದ ಚರ್ಮ ಬಡಿಯುತ್ತ ಕೂರಬೇಕೋ? ಆ ಚರ್ಮವಾದರೂ ಎಲ್ಲಿದೆ? 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಗುಮಟೆಗೆ ಉಡದ ಚರ್ಮ ಇಲ್ಲ, ಡಮಾಮಿಗೆ ಜಿಂಕೆಯದ್ದಿಲ್ಲ, ಆಡಿನ ಚರ್ಮವೇ ಗತಿ. ಡಮಾಮಿ ಹೊರುವುದು ಹೇಗೆ ಸಿದ್ದಿ ಹುಡುಗನ ಹಕ್ಕೋ ಕೆಳಗಿಡುವುದೂ ಹಾಗೇ ಅವನ ಹಕ್ಕು.

ಆದರೆ ತಮಾ, ಒಂದು ಮಾತು ನಿನಗೂ ಹೇಳಬೇಕು. ಕಿಂಗ್‌ಸ್ಟನ್ನಿನ ಹುಡುಗರು ಪೆಟ್ಟಿಗೆ ತಂದದ್ದು ತಮ್ಮ ಮಾತು ಊರಿಗೆ ಕೇಳಲಿ ಅಂತ. ನಮ್ಮ ಬಾಡಿಗೆ ಡಿಜೆಯಲ್ಲಿ ಸಿನಿಮಾದವರು ಹಾಡ್ತಾರೆ, ನೀನು ಕುಣೀತೀಯ. ಡಮಾಮಿಯ ಸುತ್ತ ನಿನ್ನ ಅಜ್ಜಿ ಒಡೆಯನನ್ನು ಅಣಕಿಸಿ ಪದ ಕಟ್ಟುತ್ತಿದ್ದಳು. ಡಮಾಮಿ ಹೋದದ್ದಕ್ಕೆ ನನಗೆ ಅಷ್ಟು ದುಃಖವಿಲ್ಲ, ಆ ಅಣಕ ಹೋದದ್ದಕ್ಕೆ ಇದೆ. ಪೆಟ್ಟಿಗೆ ಇಟ್ಟುಕೋ. ಜತೆಗೆ ಮೈಕನ್ನೂ ಕಸಿದುಕೋ.

ಉತ್ಸವ ಮಾಡುವವರಿಗೂ ಒಂದು ಕೇಳಿಕೆ. ಕುಣಿತ ಮುಗಿದ ಮೇಲೆ ಎರಡು ನಿಮಿಷ ಮೈಕು ಆ ಹುಡುಗರ ಕೈಗೆ ಕೊಡಿ. 2006ರ ಅರಣ್ಯ ಹಕ್ಕು ಕಾಯಿದೆಯಡಿ ಕೊಟ್ಟ ಅರ್ಜಿ ಎಲ್ಲಿ ಕೂತಿದೆ ಅಂತ ಹೇಳ್ತಾರೋ, ಮಳೆಗಾಲದಲ್ಲಿ ಹಳ್ಳ ದಾಟುವ ಕಷ್ಟ ಹೇಳ್ತಾರೋ, ಬರೇ ಒಂದು ಪ್ರೇಮದ ಪದ ಹೇಳ್ತಾರೋ, ಅದು ಅವರ ಇಷ್ಟ. ನಾನು ಎಷ್ಟೋ ಉತ್ಸವ ನೋಡಿದ್ದೇನೆ. ಚಪ್ಪಾಳೆ ಮುಗಿಯುವ ಮೊದಲೇ ನಿರೂಪಕ ಮುಂದಿನ ತಂಡದ ಹೆಸರು ಕೂಗಿರುತ್ತಾನೆ.