ಸುಳ್ಳು ಬರೆದ ಹುಡುಗಿ

ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಕಲಿಸುವುದು ನಮ್ಮ ಕಸುಬು. ಹಾಗೆ ಕಲಿಸುವ ಭರದಲ್ಲಿ ನಾನು ಮಾಡಿದ ತಪ್ಪೊಂದು, ಇಪ್ಪತ್ತು ವರ್ಷಗಳಾದರೂ ಮನಸ್ಸಿನಿಂದ ಹೋಗಿಲ್ಲ.

ಆಗ ಸಾಗರದಲ್ಲಿ ಎಂಟನೆಯ ತರಗತಿಗೆ ಕನ್ನಡ ಹೇಳುತ್ತಿದ್ದೆ. 'ನನ್ನ ಅಜ್ಜನ ಮನೆ' ಎಂಬ ಪ್ರಬಂಧ ಕೊಟ್ಟಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ತನ್ನ ಅಜ್ಜನ ಮನೆ ಶರಾವತಿ ನೀರಿನ ತಳದಲ್ಲಿದೆಯೆಂದೂ, ಅಲ್ಲಿ ಈಗಲೂ ಮುಸ್ಸಂಜೆಗೆ ದೀಪ ಹಚ್ಚುತ್ತಾರೆಂದೂ, ಕೊಟ್ಟಿಗೆಯಲ್ಲಿ ಮೀನುಗಳು ದನಗಳ ಹಾಗೆ ಸಾಲಾಗಿ ನಿಲ್ಲುತ್ತವೆಂದೂ ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ಗೀಟೆಳೆದು, "ಸುಳ್ಳು ಬರೆಯಬೇಡ, ಕಂಡದ್ದನ್ನು ಬರೆ" ಎಂದು ಷರಾ ಹಾಕಿದೆ.

"ಅಜ್ಜಿ ಹೇಳಿದ್ದು ಟೀಚರ್" ಎಂದಳು.

"ನಿನ್ನ ಅಜ್ಜಿ ನೀರಿಗಿಳಿದು ನೋಡಿ ಬಂದಿದ್ದಾರೇನೇ?" ಎಂದೆ. ತರಗತಿಯೆಲ್ಲ ನಕ್ಕಿತು. ಆಮೇಲೆ ಅವಳ ಪ್ರಬಂಧಗಳಲ್ಲಿ ತಪ್ಪೇ ಇರುತ್ತಿರಲಿಲ್ಲ, ಗೈಡಿನಲ್ಲಿದ್ದದ್ದೇ ಇರುತ್ತಿತ್ತು.

೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟಾದಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ತೋಟ ಗದ್ದೆ ಸಮೇತ ಮುಳುಗಿದವು. ಅದಕ್ಕೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟೇ ಆ ನೀರಿನೊಳಗೆ ಹೋಗಿದೆ. ಬೇಸಿಗೆಯಲ್ಲಿ ನೀರು ತೀರ ಇಳಿದರೆ ಮತ್ತೆ ತಲೆ ಎತ್ತುತ್ತದೆ. ಮುಳುಗಿದ ಅಣೆಕಟ್ಟೇ ಎದ್ದು ಬರುವ ಸೀಮೆಯಲ್ಲಿ, ಮುಳುಗಿದ ಮನೆಯ ದೀಪ ಉರಿಯುತ್ತಿದೆ ಎಂದ ಅಜ್ಜಿಯನ್ನು ನಾನು ನಗಬಹುದಿತ್ತೇ?

ಇದು ಹೊಳೆದದ್ದು ನಾ. ಡಿಸೋಜಾ ಅವರ 'ಮುಳುಗಡೆಯ ಊರಿಗೆ ಬಂದವರು' ಎಂಬ ಮಕ್ಕಳ ಕಾದಂಬರಿಗೆ ೨೦೧೧ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದಾಗ. ಸಾಗರದವರೇ ಆದ ಅವರು ೨೦೨೫ರ ಜನವರಿಯಲ್ಲಿ ತೀರಿಕೊಂಡರು. ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ಬರೆದವರು. ನಮ್ಮ ತೀರ್ಥಹಳ್ಳಿಯ ಎಂ. ಕೆ. ಇಂದಿರಾ ಅವರೋ, ಶಾಲೆ ಬಿಟ್ಟು ಎಳೆಯ ವಯಸ್ಸಿನಲ್ಲೇ ಸಂಸಾರಕ್ಕೆ ಬಿದ್ದು, ನಲವತ್ತೈದರ ಹೊತ್ತಿಗೆ ಕಾದಂಬರಿ ಬರೆಯಲು ಕೂತವರು. ೧೯೭೬ರ 'ಫಣಿಯಮ್ಮ' ನಿಜವಾಗಿ ಬದುಕಿದ್ದ ವಿಧವೆಯೊಬ್ಬರ ಕತೆ. ಆದರೆ ಆ ಜೀವ ಕತ್ತಲೆಯಲ್ಲಿ ಮಲಗಿ ಏನು ಯೋಚಿಸಿತೆಂದು ಕಂಡವರು ಯಾರು? ಅದನ್ನು ಊಹಿಸಿಯೇ ತಿಳಿಯಬೇಕು. ಕಲ್ಪನೆ ಎಂಬುದು ಮನೆ, ಕಚೇರಿ ಬಿಟ್ಟು ಎಲ್ಲಿಂದಲೋ ಹಾರಿ ಬರುವುದಲ್ಲ. ಕಂಡವರ, ಕೇಳಿದವರ ಕಷ್ಟದಿಂದಲೇ ಮೊಳೆಯುತ್ತದೆ.

ಕುಪ್ಪಳಿಯ ಕುವೆಂಪು ಅವರು ಬ್ರೌನಿಂಗನ ಕವನವೊಂದನ್ನು ತುಂಗಾತೀರಕ್ಕೆ ತಂದು 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಮಾಡಿದರು. ಅದನ್ನು ಎಷ್ಟೋ ವರ್ಷ ರಾಗವಾಗಿ ಹೇಳಿಕೊಟ್ಟವಳು ನಾನೇ. ಇಲಿಗಳು ಕಿಂದರಿಗೆ ಮರುಳಾಗಿ ಹೊಳೆಗೆ ಬಿದ್ದದ್ದನ್ನು ಸುಳ್ಳೆಂದು ಗೀಟೆಳೆಯಲಿಲ್ಲ. ದೊಡ್ಡವರು ಬರೆದರೆ ಕಲ್ಪನೆ, ಹಿಂದಿನ ಬೆಂಚಿನವಳು ಬರೆದರೆ ಸುಳ್ಳು! ಇದೆಂಥ ನ್ಯಾಯ?

ಹಾಗಾದರೆ ಎರಡಕ್ಕೂ ವ್ಯತ್ಯಾಸವಿಲ್ಲವೇ? ಇದೆ. ಸುಳ್ಳು ಹೇಳುವವನಿಗೆ ಕೇಳುವವನು ಮೋಸಹೋಗಬೇಕು. ಕತೆ ಹೇಳುವವಳಿಗೆ ಅದು ಬೇಡ; ಜೊತೆಗೊಬ್ಬರು ಕೂತು ಕೇಳಿದರೆ ಸಾಕು. ಆದರೆ ಅದೇ ದೀಪದ ಕತೆ ಹೇಳಿ, ಮನೆ ಕಳೆದುಕೊಂಡವರಿಗೆ ಸಲ್ಲಬೇಕಾದ್ದನ್ನು ಮರೆಸಿದರೆ ಆಗ ಅದೂ ಸುಳ್ಳೇ. ಯಾರಿಗಾಗಿ ಹೇಳುತ್ತೇವೆ ಎಂಬುದರ ಮೇಲೆ ನಿಂತಿದೆ.

ಈಚೆಗೆ ಆ ಹುಡುಗಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು, ಕಂಕುಳಲ್ಲಿ ಮಗು. ಧೈರ್ಯಮಾಡಿ, "ಆವತ್ತು ನಾನು ಷರಾ ಬರೆದದ್ದು ತಪ್ಪು ಕಣೇ" ಎಂದೆ.

"ಯಾವ ಪ್ರಬಂಧ ಟೀಚರ್?" ಎಂದಳು. ನಿಜವಾಗಿಯೂ ಮರೆತಿದ್ದಳು. ಕ್ಷಮಿಸಿದ್ದೇನೆ ಎಂದಿದ್ದರೂ, ಸಿಟ್ಟಾಗಿದ್ದರೂ ನನಗೆ ಇಷ್ಟು ಬೇಸರವಾಗುತ್ತಿರಲಿಲ್ಲ. ನಾನೇ ಆ ಕತೆ ಹೇಳಿದೆ: ದೀಪ, ಕೊಟ್ಟಿಗೆ, ಮೀನು. ಅವಳು ಸುಮ್ಮನೆ ಕೇಳಿ, "ಅಜ್ಜಿ ಹೋಗಿ ಹತ್ತು ವರ್ಷವಾಯಿತು" ಎಂದಳು. ಬಸ್ಸು ಬಂತು.

ಈಗ ನನ್ನ ಮಕ್ಕಳು ಇಂಥದ್ದೇನಾದರೂ ಬರೆದರೆ ನಾನು ಗೀಟೆಳೆಯುವುದಿಲ್ಲ. "ಮುಂದೇನಾಯಿತು?" ಎಂದು ಕೇಳುತ್ತೇನೆ.