ಒಂದು ಚೂರು ಹೋಳಿಗೆ

ಯುಗಾದಿಯ ಮಾರನೆಯ ದಿನ ಬೆಳಗಿನ ಜಾವ ಚುಕ್ಕಿ ಅಡುಗೆಮನೆಯಲ್ಲಿ ಮುಂಗಾಲು ಚಾಚಿ, ಎದೆಯನ್ನು ನೆಲಕ್ಕೊತ್ತಿ, ಹಿಂಭಾಗವನ್ನು ಮೇಲೆತ್ತಿ ನಿಂತಿತ್ತು. "ನೋಡೋ, ದೇವರಿಗೆ ಅಡ್ಡಬೀಳ್ತಿದೆ" ಎಂದು ಅಮ್ಮ ನಕ್ಕಳು. ಅದು ಹೊಟ್ಟೆನೋವು. ಸ್ವಲ್ಪ ಹೊತ್ತಿಗೇ ವಾಂತಿ ಶುರುವಾಯಿತು. ಉಪ್ಸಾಲದ ನಮ್ಮ ಬೀದಿಯಲ್ಲಿ ಹಿಮ ಇನ್ನೂ ಪೂರ್ತಿ ಕರಗಿರಲಿಲ್ಲ. ಏಳು ಕೆಜಿಯ ಆ ಜೀವವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಪ್ರಾಣಿಗಳ ಆಸ್ಪತ್ರೆಗೆ ಓಡಿದೆ.

ಮೇದೋಜೀರಕ ಗ್ರಂಥಿಯ ಉರಿಯೂತ, ಅಂದರೆ ಪ್ಯಾಂಕ್ರಿಯಾಟೈಟಿಸ್ ಎಂದರು ವೈದ್ಯೆ. ಕರುಳಿಗೆ ಹೋಗಿ ಆಹಾರವನ್ನು ಅರಗಿಸಬೇಕಾದ ರಸಗಳು ಗ್ರಂಥಿಯೊಳಗೇ ಚುರುಕಾಗಿ, ಅದನ್ನೇ ಅರಗಿಸತೊಡಗುವ ಕಾಯಿಲೆ. ಚುಕ್ಕಿಯಂಥ ಪುಟ್ಟ ಷ್ನೌಟ್ಸರ್ ತಳಿಯಲ್ಲಿ ಇದು ಹೆಚ್ಚು. "ಜಿಡ್ಡಿನದೇನಾದರೂ ತಿಂದಿತ್ತೇ?" ಎಂದು ಕೇಳಿದರು. ಅಮ್ಮ ಇಲ್ಲಿಯ ಬೆಣ್ಣೆಯನ್ನೇ ಕಾಯಿಸಿ ತುಪ್ಪ ಮಾಡಿದ್ದಳು. ಆ ತುಪ್ಪದಲ್ಲಿ ಅದ್ದಿದ ಹೋಳಿಗೆಯ ಚೂರುಗಳು ಊಟದ ಮೇಜಿನ ಕೆಳಗೆ ಎಷ್ಟು ಹೋಗಿದ್ದವೋ! ಅದೇ ಕಾರಣ ಎಂದು ಖಚಿತವಾಗಿ ಹೇಳಲಾಗದು, ಆದರೆ ಇರಬಹುದು ಎಂದರು.

ಎರಡು ರಾತ್ರಿ ಡ್ರಿಪ್, ನೋವಿಗೆ ಮತ್ತು ವಾಂತಿಗೆ ಔಷಧಿ. ಮೂರನೆಯ ದಿನ ಚುಕ್ಕಿ ಮನೆಗೆ ಬಂತು. ಕೊಬ್ಬು ತೀರಾ ಕಡಿಮೆಯಿರುವ ಆಹಾರವನ್ನು ದಿನಕ್ಕೆ ಐದು ಸಲ ಚಮಚದಲ್ಲಿ ಅಳೆದು ಹಾಕಬೇಕು, ಬೇರೇನೂ ಕೂಡದು. ನಾವು ಊಟಕ್ಕೆ ಕೂತಾಗ ಅದು ಬಂದು ನನ್ನ ಮೊಣಕಾಲಿನ ಮೇಲೆ ಗಲ್ಲ ಇಟ್ಟು ನೋಡುತ್ತಿತ್ತು. ನಾನು ಮುಖ ತಿರುಗಿಸುತ್ತಿದ್ದೆ. ಉಣಿಸುವುದೇ ಪ್ರೀತಿ ಎಂದು ನಂಬಿದ ಮನೆಯಲ್ಲಿ ಬೆಳೆದವನಿಗೆ ಇದು ಸುಲಭವಲ್ಲ. ಆದರೂ ಇಲ್ಲಿ ನನಗೆ ಸಂಶಯವಿರಲಿಲ್ಲ. ಆ ಚೂರಿನಿಂದ ಸಂತೋಷ ನನ್ನ ಕೈಗೆ, ನೋವು ಅದರ ಹೊಟ್ಟೆಗೆ.

ಒಂದು ರಾತ್ರಿ ಇದನ್ನೆಲ್ಲ ನೋಡುತ್ತಿದ್ದ ಅಮ್ಮ ಮೆಲ್ಲಗೆ ಅಂದಳು: "ನಿಮ್ಮಪ್ಪನಿಗೂ ಹೀಗೇ ಬೇಡ ಅಂದೆ."

ಅದರಲ್ಲಿ ಆಪಾದನೆ ಇರಲಿಲ್ಲ. ಅದಕ್ಕೇ ಇರಬೇಕು, ಚುಚ್ಚಿತು. ಎರಡು ವರ್ಷದ ಹಿಂದೆ ಹಾಸನದ ಮನೆಯಲ್ಲಿ ಅಪ್ಪ ಮಲಗಿಬಿಟ್ಟಿದ್ದರು. ಸಕ್ಕರೆ ಕಾಯಿಲೆ, ಸೋತ ಮೂತ್ರಪಿಂಡ. ಹೋಳಿಗೆ ತಿನ್ನಬೇಕು ಅನ್ನಿಸುತ್ತಿದೆ ಎಂದು ವಿಡಿಯೊ ಕರೆಯಲ್ಲಿ ನನ್ನನ್ನೇ ಕೇಳಿದ್ದರು. ನಾನು ಅವರಿಗೆ ಉತ್ತರ ಕೊಡಲಿಲ್ಲ. "ಕೊಡಬೇಡಮ್ಮ, ಶುಗರ್ ಏರುತ್ತೆ" ಎಂದು ಅಮ್ಮನಿಗೆ ಹೇಳಿದೆ. ನಾಲ್ಕು ದಿನಕ್ಕೆ ಅಪ್ಪ ಹೋದರು.

ಎರಡೂ ಒಂದೇ 'ಬೇಡ'ವೇ? ಚುಕ್ಕಿಗೆ ಮುಂದೆ ವರ್ಷಗಳಿದ್ದವು, ಅಪ್ಪನಿಗೆ ದಿನಗಳಷ್ಟೇ ಎಂದು ಮೊದಲು ಸಮಾಧಾನಕ್ಕೆ ಲೆಕ್ಕ ಹಾಕಿದೆ. ಆದರೆ ಅಪ್ಪನಿಗೆ ಹತ್ತು ವರ್ಷ ಆಯುಸ್ಸಿದ್ದರೂ ತಪ್ಪು ತಪ್ಪೇ.

ಈ ದೇಶದಲ್ಲಿ, ಮನೆಯೊಳಗಿನ ನಾಯಿಯನ್ನು ಹಗಲಿನಲ್ಲಿ ಕನಿಷ್ಠ ಆರು ಗಂಟೆಗೊಮ್ಮೆ ಹೊರಗೆ ಬಿಡಬೇಕೆಂಬ ನಿಯಮವಿದೆ. 2019ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಪ್ರಾಣಿರಕ್ಷಣಾ ಕಾನೂನು ಪ್ರಾಣಿಗಳ ಬಗ್ಗೆ ಗೌರವ ಬೆಳೆಸುವುದನ್ನೂ ತನ್ನ ಉದ್ದೇಶಗಳಲ್ಲಿ ಸೇರಿಸಿದೆ. ಬಾಯಿಲ್ಲದ ಜೀವಕ್ಕೆ ಏನು ಬೇಕೆಂದು ಬಾಯಿದ್ದವರು ಯೋಚಿಸಬೇಕು ಎಂಬುದೇ ಇದರ ಹುರುಳು. ಚುಕ್ಕಿಯ ಪರವಾಗಿ ತೀರ್ಮಾನಿಸುವುದು ನನ್ನ ಹೊಣೆ. ನಾನು ತೀರ್ಮಾನಿಸದಿದ್ದರೆ ಅದಕ್ಕೆ ಬೇರೆ ದಿಕ್ಕಿಲ್ಲ. ಅಪ್ಪನಿಗೆ ಬಾಯಿತ್ತು, ಬುದ್ಧಿ ನೆಟ್ಟಗಿತ್ತು, ತಿಂದರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಗೊತ್ತಿತ್ತು. ಅವರನ್ನು ನಾನು ಬಾಯಿಲ್ಲದವರಂತೆ ನಡೆಸಿಕೊಂಡೆ. ದೂರದಲ್ಲಿರುವ ಮಕ್ಕಳಿಗೆ ಇದು ಸುಲಭವಾಗಿ ಅಂಟುವ ರೋಗ. ಕೈಯಾರೆ ಏನೂ ಮಾಡಲಾಗದಿದ್ದಾಗ 'ಬೇಡ' ಎನ್ನುವುದೇ ಸೇವೆಯಂತೆ ಕಾಣುತ್ತದೆ.

ಚುಕ್ಕಿ ಈಗ ಚೇತರಿಸಿಕೊಂಡಿದೆ. ಹೋಳಿಗೆ ಅದಕ್ಕೆ ಇನ್ನೆಂದೂ ಇಲ್ಲ. ಅಮ್ಮನೂ ಈಗ ಮೇಜಿನ ಕೆಳಗೆ ಕೈ ಇಳಿಬಿಡುವುದಿಲ್ಲ.

ಅಮ್ಮನಿಗೆ ರಕ್ತದೊತ್ತಡ. ಅವಳು ಊರಿಂದ ತಂದ ಮಾವಿನ ಉಪ್ಪಿನಕಾಯಿಯ ಬಾಟಲಿಯನ್ನು ನಾನು ಅವಳಿಗೆ ಎಟುಕದಂತೆ ಮೇಲಿನ ಕಪಾಟಿನಲ್ಲಿಟ್ಟಿದ್ದೆ. ಆ ವಾರ ಅದನ್ನು ಇಳಿಸಿ ಅವಳ ತಟ್ಟೆಯ ಪಕ್ಕ ಇಟ್ಟೆ. "ಉಪ್ಪು ಜಾಸ್ತಿಯಾದರೆ ಬಿ.ಪಿ. ಏರುತ್ತಮ್ಮ" ಎಂದೆ. "ಗೊತ್ತು ಕಣೋ" ಎಂದಳು. ಮುಚ್ಚಳ ತೆಗೆದು ಹಾಕಿಕೊಂಡಳು. ಎಷ್ಟು ಹೋಳು ಎಂದು ನಾನು ಎಣಿಸಲಿಲ್ಲ.